ಮಾವನವರ ಖುರ್ಚಿಗೆ ಒಂದು ಸೂತ

ಕೆಲಗೇರಿಯ ಗುರುಶಿದ್ದಪ್ಪನವರಿಗೆ ತಮ್ಮ ಕಣ್ಣಳತೆಯ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಹುಬ್ಬಳ್ಳಿಯ ವಿಮಾ ಕಚೇರಿಯಲ್ಲಿ ಕುಳಿತು, ಎದುರಿನ ಕಟ್ಟಡದ ಗೋಡೆ ಎರಡು ಬೆರಳು ವಾಲಿದೆ ಎಂದು ಹೇಳುವರು. ಕಲ್ಲಂಗಡಿಯನ್ನು ನೋಡಿಯೇ ತೂಕ ಹೇಳುವರು. ಯಾರೂ ಗೋಡೆಗೆ ತೂಗುಗುಂಡು ಹಿಡಿದು ನೋಡಲಿಲ್ಲ, ಕಲ್ಲಂಗಡಿಯನ್ನು ತಕ್ಕಡಿಗೆ ಹಾಕಲಿಲ್ಲ. ಹೀಗಾಗಿ ಅವರ ಕೀರ್ತಿ ಹಲವು ವರ್ಷ ಸುರಕ್ಷಿತವಾಗಿತ್ತು.

ಅದಕ್ಕೆ ಸಂಚಕಾರ ತಂದದ್ದು ಮಾವನವರ ಮೊಣಕಾಲು.

ಮಾವ ಸಿದ್ದಲಿಂಗಪ್ಪನವರು ಅಣ್ಣಿಗೇರಿಯ ಹಳೆಯ ಹತ್ತಿ ವ್ಯಾಪಾರಿ. ಎತ್ತರದ ಆಳು, ಅದಕ್ಕೆ ತಕ್ಕ ಅಗಲ. ಸತ್ತೂರಿನ ಆಸ್ಪತ್ರೆಯಲ್ಲಿ ಎರಡೂ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಸುಧಾರಿಸಿಕೊಳ್ಳಲೆಂದು ಮಗಳು ನೀಲಾಂಬಿಕಾಳ ಮನೆಗೆ ಬಂದಿದ್ದರು. ತಗ್ಗಿನಲ್ಲಿ ಕೂಡಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಮನೆಯ ಸೋಫಾ ಅವರನ್ನು ನುಂಗಿಬಿಡುತ್ತಿತ್ತು, ಹೊರಗೆ ತೆಗೆಯಲು ಇಬ್ಬರು ಬೇಕಾಗುತ್ತಿತ್ತು. ಪ್ಲಾಸ್ಟಿಕ್ ಖುರ್ಚಿಯಲ್ಲಿ ಕುಳಿತರೆ ಅದು ಆಗಷ್ಟೇ ಹುಟ್ಟಿದ ಕರುವಿನಂತೆ ನಾಲ್ಕೂ ಕಾಲು ಚಾಚುತ್ತಿತ್ತು. ಜೀವಮಾನವೆಲ್ಲ ಗಾದಿಯ ಮೇಲೆ ಕುಳಿತು ಬಂದವರನ್ನು ಮಾತನಾಡಿಸಿದ ಮನುಷ್ಯ, ಈಗ ಒಳಕೋಣೆಯ ಮಂಚದ ಅಂಚಿನಲ್ಲಿ ಕುಳಿತು, ಯಾರಾದರೂ ನೋಡಲು ಬಂದರೆ "ಮಲಗ್ಯಾರ ಅಂತ ಹೇಳಿಬಿಡವಾ" ಎನ್ನತೊಡಗಿದರು. ತಮ್ಮನ್ನು ಇಬ್ಬರು ಹಿಡಿದು ಎಬ್ಬಿಸುವುದನ್ನು ಮೂರನೆಯವರು ನೋಡಬಾರದು ಎಂಬುದು ಅವರ ಹಟ.

ನೀಲಾಂಬಿಕಾ ಗಂಡನ ಬಳಿ ಬಂದಳು. "ರೀ, ಅಪ್ಪ ಮಾತು ಕಡಿಮಿ ಮಾಡ್ಯಾನ್ರಿ. ಊಟ ಕಡಿಮಿ ಮಾಡಿದ್ರ ನಾ ಇಷ್ಟು ಹೆದರತಿದ್ದಿಲ್ಲ" ಎಂದಳು.

"ಒಂದು ಛಲೋ ಸಾಗವಾನಿ ಖುರ್ಚಿ ಮಾಡಸಿದ್ರ ಆತು. ರಾಜಾನ ಹಂಗ ಕುಂಡರತಾರ" ಎಂದ ಗುರುಶಿದ್ದಪ್ಪನವರು ಲಕಮನಹಳ್ಳಿಯ ಬಡಿಗ ಮಕಬೂಲಸಾಬರ ಬಳಿಗೆ ಹೋದರು. ಟೇಪು ಒಯ್ಯಲಿಲ್ಲ. ಕಣ್ಣು ಒಯ್ದರು. ಗಾಳಿಯಲ್ಲಿ ಕೈಯಾಡಿಸಿ "ಇಷ್ಟು ಅಗಲ, ಇಷ್ಟು ಎತ್ತರ" ಎಂದರು. ಮಕಬೂಲಸಾಬರು ಆ ಗಾಳಿಗೆ ಸರಿಯಾಗಿ ಖುರ್ಚಿ ಮಾಡಿ ಕಳಿಸಿದರು.

ಖುರ್ಚಿಯಲ್ಲಿ ಮಾವನವರು ಕುಳಿತರು. ಅಂದರೆ, ಇಳಿದರು. ಕುಳಿತದ್ದರಲ್ಲಿ ದೋಷವಿರಲಿಲ್ಲ. ಎದ್ದಾಗ ಖುರ್ಚಿಯೂ ಅವರೊಡನೆ ಎದ್ದಿತು.

"ಅಳಿಯಂದ್ರ," ಎಂದರು ಸಿದ್ದಲಿಂಗಪ್ಪನವರು, ಹಿಂದಕ್ಕೆ ಕೈಹಾಕಿ ತಡವಿ ನೋಡುತ್ತ, "ಇದು ಖುರ್ಚಿ ಏನ್ರಿ, ಚಡ್ಡಿ ಏನ್ರಿ?"

ಅದನ್ನು ಕಳಚಲು ಗುರುಶಿದ್ದಪ್ಪನವರು ಮುಂದಿನಿಂದ ಮಾವನವರನ್ನೂ, ನೀಲಾಂಬಿಕಾ ಹಿಂದಿನಿಂದ ಖುರ್ಚಿಯನ್ನೂ ಜಗ್ಗಬೇಕಾಯಿತು. ಮಾವನವರು ಮತ್ತೆ ಮಂಚದ ಅಂಚಿಗೆ ಹೋಗಿ ಗೋಡೆಯ ಕಡೆ ಮುಖಮಾಡಿ ಕುಳಿತರು. ಆ ದಿನದಿಂದ ಇದ್ದಬದ್ದ ಮಾತೂ ನಿಂತಿತು.

ಖುರ್ಚಿಯನ್ನು ಮರಳಿ ಒಯ್ದಾಗ ಮಕಬೂಲಸಾಬರು ನೊಂದುಕೊಂಡರು. ಅವರು ಅಭಿಮಾನಿ ಮನುಷ್ಯ. ಯಂತ್ರದ ಸದ್ದಿನಲ್ಲಿ ಬಾಳಿ ಕಿವಿ ಮಂದವಾಗಿತ್ತೇ ಹೊರತು ಅಭಿಮಾನ ಮಂದವಾಗಿರಲಿಲ್ಲ. "ಸಾಹೇಬ್ರ, ನಿಮ್ಮ ಕಣ್ಣು ಮನ್ಯಾಗ ಇಟ್ಟು ಟೇಪ್ ಹಿಡೀರಿ. ಅಡಿ ಬ್ಯಾರೆ, ಇಂಚ ಬ್ಯಾರೆ, ಸೂತ ಬ್ಯಾರೆ ಹೇಳ್ರಿ. ಸೂತ ತಪ್ಪಿದ್ರ ಮಕಬೂಲಸಾಬನ ಹೆಸರು ತಪ್ಪತೇತಿ" ಎಂದರು.

ಒಂದು ಇಂಚನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿಗೆ ಬಡಿಗರು ಸೂತ ಎನ್ನುತ್ತಾರೆ. ಇದನ್ನು ಅಂದು ಕಲಿತ ಗುರುಶಿದ್ದಪ್ಪನವರು ಹೊಸ ಮತಕ್ಕೆ ಸೇರಿದವರಂತೆ ಬದಲಾಗಿಬಿಟ್ಟರು. ಟೇಪು ಕೊಂಡರು. ಮಾವನವರನ್ನು ಮಂಚದ ಮೇಲೆ ನೇರ ಕೂಡಿಸಿ ಬೆನ್ನು ಅಳೆದರು, ಸೊಂಟ ಅಳೆದರು, ಮೊಣಕಾಲಿನಿಂದ ಹಿಮ್ಮಡಿ ಅಳೆದರು. ಉಸಿರು ಒಳಗೆ ಎಳೆದಾಗ ಒಂದು ಅಳತೆ, ಬಿಟ್ಟಾಗ ಒಂದು. ಅಡುಗೆಮನೆಗೆ ಬಂದು ಹೆಂಡತಿಗೆ "ಪಲ್ಯಾಕ್ಕ ಒಂದು ಸೂತ ಉಪ್ಪು ಕಡಿಮಿ ಐತಿ" ಎಂದರು. ನೀಲಾಂಬಿಕಾ ಸೌಟಿನ ಉದ್ದವನ್ನು ತೋರಿಸಿದಳು. ಅವರು ಟೇಪು ಸುತ್ತಿಕೊಂಡು ಹೊರಗೆ ಹೋದರು.

ಖುರ್ಚಿ ಹೆಚ್ಚುಕಡಿಮೆ ಮುಗಿದಿದೆ ಎನ್ನುವ ಹೊತ್ತಿಗೆ ಒಂದು ಸಂಜೆ ಗುರುಶಿದ್ದಪ್ಪನವರು ಹುಬ್ಬಳ್ಳಿಯಿಂದ ಚಿಗರಿ ಎಂಬ ಹೆಸರಿನ ಸಾರಿಗೆ ಬಸ್ಸಿನಲ್ಲಿ ಮನೆಗೆ ಮರಳುತ್ತಿದ್ದರು. ಕಿಟಕಿ ಮುಚ್ಚಿದ ತಂಪು ಬಸ್ಸು. ಒಬ್ಬರು ಕೆಮ್ಮಿದರೆ ಕೊನೆಯ ಸೀಟಿನವರು ನೀರು ಕೊಡುವಷ್ಟು ನಿಶ್ಶಬ್ದ. ಆಗ ಮಕಬೂಲಸಾಬರ ಫೋನು ಬಂತು. ಆ ಕಡೆ ಯಂತ್ರ ಓಡುತ್ತಿತ್ತು, ಕಿವಿ ಮೊದಲೇ ಮಂದ. ಗುರುಶಿದ್ದಪ್ಪನವರು ಕೂಗದೆ ಗತ್ಯಂತರವಿರಲಿಲ್ಲ.

"ಹಾಂ ಮಕಬೂಲಸಾಬರ! ಮಾವನವರದು ಎಲ್ಲಾ ಅಳತಿ ಬರೋಬ್ಬರಿ ಐತ್ರಿ! ಮಲಗಿಸಿ ಅಲ್ಲರೀ, ಕುಂಡ್ರಸೇ ತಗೊಂಡೇನಿ!"

ಮುಂದಿನ ಸಾಲಿನ ತಲೆಗಳು ಹಿಂದಕ್ಕೆ ತಿರುಗಿದವು.

"ಅನುಮಾನ ಬ್ಯಾಡ್ರಿ! ಮಾವನವರ ಸೂತ ಕ—"

'ಕರೆಕ್ಟ್ ಐತಿ' ಎನ್ನುವುದು ಅವರ ಮಾತು. ಅಷ್ಟರಲ್ಲಿ ಬಸ್ಸಿನ ಧ್ವನಿವರ್ಧಕ ಮುಂದಿನ ನಿಲ್ದಾಣದ ಹೆಸರನ್ನು ಮೂರು ಭಾಷೆಗಳಲ್ಲಿ ಸಾರಿ, 'ಕ'ದ ಮುಂದಿನದೆಲ್ಲವನ್ನೂ ನುಂಗಿಹಾಕಿತು.

"ಅಗಲ ಎರಡೂವರಿ ಅಡಿ! ಆಳ ಒಂದೂವರಿ ಅಡಿ ಸಾಕ್ರಿ! ಯಾಕ ಸಾಲೂದಿಲ್ಲ? ಆರಾಮ ಕುಂಡರತಾರ!... ಏನಂದ್ರಿ? ಎಡಗಾಲು ಉದ್ದ ಆಗೇತಿ? ಕೊಯ್ದುಬಿಡ್ರಿ ಮತ್ತ!"

ಪಕ್ಕದ ಹೆಣ್ಣುಮಗಳೊಬ್ಬಳು ಕೂಸಿನ ಕಿವಿ ಮುಚ್ಚಿದಳು.

"ಹಲಗಿ ಕಡಿಮಿ ಬೀಳಬಾರದು ನೋಡ್ರಿ, ಹಲಗಿಗೆ ಹಿಂದ ಮುಂದ ನೋಡಬ್ಯಾಡ್ರಿ! ನಾಳೆ ಹನ್ನೊಂದಕ್ಕ ಬಂದುಬಿಡ್ರಿ. ಮಾವನವರನ್ನ ಕುಂಡ್ರಸಿಬಿಟ್ರ ನನ್ನ ತಲಿಮ್ಯಾಲಿನ ಭಾರ ಇಳೀತೇತಿ!"

ನಾಲ್ಕು ಸೀಟು ಹಿಂದೆ ಶಶಿಕುಮಾರ ಕುಳಿತಿದ್ದರು. ಗುರುಶಿದ್ದಪ್ಪನವರ ಓಣಿಯವರು, ಬಡಾವಣೆಯ ಹಿತರಕ್ಷಣಾ ಸಂಘದ ಕಾರ್ಯದರ್ಶಿ. ಮದುವೆಗೆ ಹೋಗದಿದ್ದರೂ ಅವರಿಗೆ ನಡೆಯುತ್ತಿತ್ತು, ಮಣ್ಣಿಗೆ ಹೋಗದಿದ್ದರೆ ಊಟ ಸೇರುತ್ತಿರಲಿಲ್ಲ. ಯಾರಾದರೂ ತೀರಿಕೊಂಡರೆ ಶಾಮಿಯಾನದಿಂದ ಹಿಡಿದು ಬಿಲ್ವಪತ್ರೆಯವರೆಗೆ ಎಲ್ಲದರ ಹೊಣೆ ಹೊರುತ್ತಿದ್ದರು. ಸಿದ್ದಲಿಂಗಪ್ಪನವರ ಸಮಾಜದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂಡಿಸಿ ಮೆರವಣಿಗೆ ಮಾಡಿ ಕೂಡಿಸಿಯೇ ಮಣ್ಣು ಕೊಡುತ್ತಾರೆ. ಮೆರವಣಿಗೆಯ ಮುಂದೆ ಬೆಂಕಿಗೆ ಕಾಸಿ ಬಾರಿಸುವ ಚರ್ಮವಾದ್ಯಕ್ಕೂ ಈ ಸೀಮೆಯಲ್ಲಿ ಹಲಗಿ ಎಂದೇ ಹೆಸರು. ಮಾವ, ಸೂತಕ, ಕುಂಡ್ರಸೂದು, ಆಳ, ಹಲಗಿ. ಶಶಿಕುಮಾರರಿಗೆ ಇನ್ನೇನು ಬೇಕು?

ದುಃಖದಲ್ಲಿರುವವರನ್ನು ಬಸ್ಸಿನಲ್ಲಿ ಮಾತನಾಡಿಸಬಾರದು ಎಂಬ ಸಭ್ಯತೆಯಿಂದ ಅವರು ಅಲ್ಲೇ ಕುಳಿತು ಮೊಬೈಲು ತೆಗೆದು ಬಡಾವಣೆಯ ಮೊಬೈಲ್ ಗುಂಪಿಗೆ ಸುದ್ದಿ ಹಾಕಿದರು. 'ಅಣ್ಣಿಗೇರಿಯ ಹಿರಿಯ ಹತ್ತಿ ವರ್ತಕರಾದ ಶ್ರೀ ಸಿದ್ದಲಿಂಗಪ್ಪನವರು ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅಂತಿಮಯಾತ್ರೆ. ಮನೆಯವರು ಶೋಕದಲ್ಲಿರುವುದರಿಂದ ಯಾರೂ ಫೋನ್ ಮಾಡಿ ತೊಂದರೆ ಕೊಡಬಾರದು.' ಈ ಕೊನೆಯ ವಾಕ್ಯ ಇಲ್ಲದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಗುರುಶಿದ್ದಪ್ಪನವರು ದಿನಾ ಬರುವ ಹೂವಿನ ಚಿತ್ರಗಳಿಗೆ ಬೇಸತ್ತು ಆ ಗುಂಪನ್ನು ಎಂದೋ ಬಿಟ್ಟಿದ್ದರು.

ಆಮೇಲೆ ಶಶಿಕುಮಾರರು ಕುಣಿ ತೋಡುವವರಿಗೆ ಫೋನು ಮಾಡಿದರು. "ಅಳಿಯ ಒಂದೂವರಿ ಅಡಿ ಆಳ ಸಾಕು ಅಂತಾನ! ನಾಯಿ ತಿರುಗೂ ಊರಾಗ! ಇಷ್ಟು ಜುಗ್ಗ ಇರಬಾರದಪಾ ಮನಶ್ಯಾ. ನೀ ಪೂರಾ ತೋಡು, ನಾ ಅದೇನಿ."

ಅಂದು ಕತ್ತಲಾಗುತ್ತಲೇ ಎದುರು ಮನೆಯ ಗುಲ್ಜಾರಬಿ ರೊಟ್ಟಿ, ಎಣ್ಣೆಗಾಯಿ ಹಿಡಿದು ನೀಲಾಂಬಿಕಾಳ ಗೇಟಿಗೆ ಬಂದರು. ಕಣ್ಣು ಕೆಂಪಗಿದ್ದವು.

"ನೀಲಕ್ಕಾ, ಇವತ್ತ ಒಲಿ ಹಚ್ಚಬ್ಯಾಡ. ಗಟ್ಟಿ ಆಗು ತಂಗಿ."

ಆಸ್ಪತ್ರೆಯಿಂದ ಬಂದ ತಂದೆಯ ಆರೈಕೆಯಲ್ಲಿ ದಣಿದಿದ್ದಾಳೆಂದು ಕನಿಕರಪಟ್ಟರು ಎಂದುಕೊಂಡ ನೀಲಾಂಬಿಕಾ ನಕ್ಕಳು. "ಗಟ್ಟಿ ಅದೇನ್ರಿ ಆಪಾ. ಇಷ್ಟು ದಿನಾ ಅಪ್ಪಗ ಭಾಳ ತ್ರಾಸ ಆತು. ನಾಳೆ ಒಮ್ಮೆ ಕುಂಡ್ರಸಿಬಿಟ್ರ ಅಂವಗೂ ಸುಖ, ನಮಗೂ ಸುಖ."

ಗುಲ್ಜಾರಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಇಂಥ ಧೈರ್ಯದ ಹೆಣ್ಣುಮಗಳನ್ನು ನೋಡಿಲ್ಲ ಎನ್ನುತ್ತ ಹೋದರು. ಮತ್ತೆರಡು ಮನೆಗಳಿಂದ ಅನ್ನ, ಸಾರು, ಮಜ್ಜಿಗೆ ಬಂದವು. ಸಾವಿನ ಮನೆಗೆಂದು ಬಂದ ಆ ಊಟವನ್ನೆಲ್ಲ ಸತ್ತವರೇ ಕುಳಿತು ಉಂಡರು. "ಎಣ್ಣಿಗಾಯಿ ಭಾಳ ಛಲೋ ಆಗೇತಿ" ಎಂದು ಡರ್ರನೆ ತೇಗಿದರು. ಎಷ್ಟೋ ದಿನಗಳ ಮೇಲೆ ತಂದೆಯ ಬಾಯಿಂದ ಬಂದ ಮಾತು ಕೇಳಿ ನೀಲಾಂಬಿಕಾ ಹಿಗ್ಗಿದಳು.

ಮರುದಿನ ಗುರುಶಿದ್ದಪ್ಪನವರು ರಜೆ ಹಾಕಿದ್ದರು. ಹೊರಗೆ ಗದ್ದಲ ಕೇಳಿ ಬಾಗಿಲು ತೆಗೆದರೆ, ಮನೆಯ ಮುಂದೆ ಶಾಮಿಯಾನ ಏರಿತ್ತು. ಸಾಲಾಗಿ ಖುರ್ಚಿ, ನೀರಿನ ಡ್ರಮ್ಮು. ಬಿಳಿ ಅಂಗಿಯ ಶಶಿಕುಮಾರರು ಹಗ್ಗ ಕಟ್ಟಿಸುತ್ತಿದ್ದರು. ಗುರುಶಿದ್ದಪ್ಪನವರನ್ನು ನೋಡಿದ್ದೇ ಬಂದು ಎರಡೂ ಕೈ ಹಿಡಿದರು.

"ಶಶಿಕುಮಾರ, ಇದೆಲ್ಲಾ ಏನ್ರಿ?" ಗುರುಶಿದ್ದಪ್ಪನವರಿಗೆ ಆಶ್ಚರ್ಯ. "ನಿಮಗ ಹೆಂಗ ಗೊತ್ತಾತು?"

"ಬಸ್ಸಿನ್ಯಾಗ ನಾನೂ ಇದ್ನಿ. ಎಲ್ಲಾ ಕೇಳಿಸ್ಕೊಂಡೇನಿ."

"ಅಯ್ಯ, ಇಷ್ಟು ಸಣ್ಣ ಕಾರ್ಯಕ್ಕ ಶಾಮಿಯಾನ ಯಾಕ್ರಿ? ನಾವು ಮನಿಮಂದಿ ಅಷ್ಟ ಸೇರಿ ಕುಂಡ್ರಸಬೇಕಂತ ಮಾಡಿದ್ವಿ."

"ಸಣ್ಣ ಕಾರ್ಯ ಅಂತೀರಲ್ರಿ! ಅಂಥಾ ದೊಡ್ಡ ಮನಶ್ಯಾರನ್ನ ಕಳ್ಳರಂಗ ಕುಂಡ್ರಸತೀರೇನು? ನಾಕು ಮಂದಿ ನೋಡಬೇಕು, ಕೈಮುಗೀಬೇಕು."

ಗುರುಶಿದ್ದಪ್ಪನವರು ಹಿಗ್ಗಿದರು. ಒಂದು ಖುರ್ಚಿಗೆ ಇಡೀ ಓಣಿ ಇಷ್ಟು ಮರ್ಯಾದೆ ಕೊಡುತ್ತದೆ ಎಂದು ಅವರಿಗೆ ತಿಳಿದಿರಲಿಲ್ಲ. ಖುರ್ಚಿಯ ಕೆಳಗೆ ಹಾಸುವ ಹಲಗೆಗಳ ನೆನಪಾಗಿ "ಹಲಗಿ ಬಂದಾವೇನ್ರಿ?" ಎಂದು ಕೇಳಿದರು.

"ಬಂದಾವ, ಎರಡು ಜೋಡಿ. ಅಲ್ಲಿ ನೋಡ್ರಿ, ಗಿಡದ ಕೆಳಗ ಕಾಸಿಕೋತ ಕುಂತಾರ."

"ಕಾಸಾಕತ್ತಾರ? ಹಲಗಿ ಕಾಸಿದ್ರ ಸೊಟ್ಟ ಆಗೂದಿಲ್ಲೇನ್ರಿ?"

ಶಶಿಕುಮಾರರು ದುಃಖದಲ್ಲಿ ಮನುಷ್ಯನಿಗೆ ತಲೆ ಕೆಡುವುದು ಸಹಜ ಎಂದುಕೊಂಡು ಭುಜ ತಟ್ಟಿದರು. "ಈಗ ಎಲ್ಲೆ ಅದಾರ, ಹಿರ್ಯಾರು?"

"ಒಳಗ. ಜಳಕಾ ಮಾಡಸಾಕತ್ತಾರ. ವಿಭೂತಿ ಹಚ್ಚಿ ಹೊರಗ ಕರಕೊಂಡು ಬರತೇವಿ."

"ಅವಸರ ಮಾಡಬ್ಯಾಡ್ರಿ. ಇನ್ನ ಅವರಿಗೆ ಎಲ್ಲಿಯ ಅವಸರ" ಎಂದು ಶಶಿಕುಮಾರರು ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ಸೇವಾಸಂಘವೊಂದರ ಮುಕ್ತಿವಾಹನ ಹಿಮ್ಮುಖವಾಗಿ ಓಣಿಗೆ ಬಂತು. ಅದರ ಮೇಲಿನ ಬರಹವನ್ನು ಗುರುಶಿದ್ದಪ್ಪನವರು ಓದುವಷ್ಟರಲ್ಲಿ ಬೆನ್ನಿಗೇ ಒಂದು ಆಟೊ ಬಂದು ನಿಂತಿತು. ಇಳಿದವರು ಸಂಗವ್ವ, ಸಿದ್ದಲಿಂಗಪ್ಪನವರ ಒಬ್ಬಳೇ ತಂಗಿ. ಉಣಕಲ್ಲಿನಲ್ಲಿ ಇರುತ್ತಿದ್ದರು, ಆದರೆ ಅಣ್ಣನ ಮುಖ ನೋಡಿ ವರ್ಷಗಳೇ ಆಗಿದ್ದವು. ಒಂದು ಪಂಚಮಿಗೆ ಅಣ್ಣ ಕಳಿಸಿದ ಸೀರೆ ಉಡುವಾಗ ಅರ್ಧ ಗಜ ಕಡಿಮೆ ಬಂದಿತ್ತು. ತವರಿನವರು ಅಳೆದು ಕತ್ತರಿಸಿ ಕಳಿಸಿದ್ದಾರೆ ಎಂದು ಇವರು, ಅಂಗಡಿಯವನ ತಪ್ಪಿಗೆ ನನ್ನನ್ನು ಬೈಯುತ್ತಾಳೆ ಎಂದು ಅವರು. ಮಾತಿಗೆ ಮಾತು ಬೆಳೆದು "ನೀ ಇರೂತನಕ ನೀ ಇದ್ದ ಮನಿ ಹೊಸ್ತಿಲಾ ತುಳಿಯೂದಿಲ್ಲ" ಎಂದು ಆಣೆ ಮಾಡಿ ಸಂಗವ್ವ ಹೊರಟುಬಿಟ್ಟಿದ್ದರು. ಆಸ್ಪತ್ರೆಗೂ ಬಂದಿರಲಿಲ್ಲ.

ಈಗ, ಮೊಬೈಲಿನಿಂದ ಮೊಬೈಲಿಗೆ ದಾಟಿ ಬಂದ ಶಶಿಕುಮಾರರ ಸುದ್ದಿ ತಿಳಿದು, ಗೇಟಿನಿಂದಲೇ ಎದೆ ಬಡಿದುಕೊಳ್ಳುತ್ತ ಬಂದರು.

"ನನ್ನ ಹುಲಿಯಂಥಾ ಅಣ್ಣಾ! ಹೋದ್ಯಾ ನನ್ನ ಬಿಟ್ಟು! ಅರ್ಧ ಗಜದ ಅರಿಬಿಗೆ ಬಾಯಿ ಬಿಟ್ಟ ನಾ ಎಂಥಾ ಪಾಪಿಷ್ಟಿ! ಇನ್ನ ಯಾರ ಕೂಡ ಜಗಳಾ ಮಾಡಲೋ ಅಣ್ಣಾ!"

ಅವರ ದನಿ ಏರಿದ್ದೇ ಹಲಗಿಯವರು ಸಮಯ ಬಂತೆಂದು ಎದ್ದು ಬಾರಿಸತೊಡಗಿದರು. ಓಣಿಯ ಹೆಂಗಸರೆಲ್ಲ ಸೆರಗು ಹಿಡಿದರು. ಗುರುಶಿದ್ದಪ್ಪನವರಿಗೆ ಅಷ್ಟು ಹೊತ್ತಿಗೆ ವಿಷಯ ತಿಳಿಯಿತು. "ಅಲ್ರೀ... ಅಲ್ರೀ..." ಎಂದು ಒದರಿದರು. ನಾಲ್ಕು ಹಲಗಿಗಳ ಮುಂದೆ ಆ ದನಿ ಯಾವ ಲೆಕ್ಕ?

ಆಗ ಬಾಗಿಲಿಗೆ ಸಿದ್ದಲಿಂಗಪ್ಪನವರು ಬಂದರು. ಹಸಿ ತಲೆ, ಹಣೆಯ ತುಂಬ ವಿಭೂತಿ, ಒಗೆದ ಧೋತರ, ಕೈಯಲ್ಲಿ ವಾಕರು.

"ಯಾರ್ ಹೋದ್ರವಾ?" ಎಂದು ಕೇಳಿದರು.

ಹಲಗಿಗಳು ಒಂದೊಂದಾಗಿ ನಿಂತವು. ಕೊನೆಯವನ ಕೈ ಮಾತ್ರ ರೂಢಿಯಿಂದ ಇನ್ನೆರಡು ಪೆಟ್ಟು ಹಾಕಿತು.

ಸಂಗವ್ವ ಬಾಯಿ ತೆರೆದಂತೆಯೇ ನೋಡಿದರು. "ನೀ... ಸತ್ತಿಲ್ಲೇನು?"

"ಇಲ್ಲ. ಜಳಕಾ ಮಾಡಾಕತ್ತಿದ್ನಿ."

"ಮತ್ತ ನಾ ಅತ್ತದ್ದು?"

"ಕೇಳಿಸ್ತು. ಹುಲಿಯಂಥಾ ಅಣ್ಣ ಅಂದಿ. ಮುಂದಿಂದು ನೀರಿನ ಸಪ್ಪಳದಾಗ ಕೇಳಿಸಲಿಲ್ಲ. ಇನ್ನೊಮ್ಮೆ ಅನ್ನು."

ಜನ ಮೊದಲು ಬೆರಗಾದರು, ಆಮೇಲೆ ಸಿಟ್ಟಾದರು. ಅಂಗಡಿ ಮುಚ್ಚಿ ಬಂದವರೊಬ್ಬರು "ಹಿಂಗ ಮಾಡಬಾರದಿತ್ರಿ" ಎಂದು ಸಿದ್ದಲಿಂಗಪ್ಪನವರಿಗೇ ಹೇಳಿದರು. ಮುಕ್ತಿವಾಹನದ ಚಾಲಕ ರಸೀದಿ ಪುಸ್ತಕ ಹಿಡಿದು ಮುಂದೆ ಬಂದ.

"ಕರಸಿದ ಮ್ಯಾಲೆ ಖಾಲಿ ಹೋಗಾಕ ಬರೂದಿಲ್ರಿ. ಹೆಣಾ ಇಲ್ಲ ಅಂತ ಮನಿಯವರು ಸಹಿ ಮಾಡಬೇಕು."

"ನಾ ಮಾಡಿದ್ರ ನಡೀತೇತಿ?" ಎಂದರು ಸಿದ್ದಲಿಂಗಪ್ಪನವರು.

"ನೀವು ಅವರಿಗೆ ಏನಾಗಬೇಕ್ರಿ?"

"ನಾನ ಅವರು."

ಚಾಲಕ ತಲೆ ಕೆರೆದುಕೊಂಡ. ಇಂಥದಕ್ಕೆ ನಿಯಮವಿರಲಿಲ್ಲ. ಕೊನೆಗೆ ಸಹಿ ತೆಗೆದುಕೊಂಡು, ಕಾಲು ಮುಟ್ಟಿ ನಮಸ್ಕಾರವನ್ನೂ ಮಾಡಿ, ಗಾಡಿಯನ್ನು ಖಾಲಿ ಒಯ್ದ.

ಶಶಿಕುಮಾರರು ಗುರುಶಿದ್ದಪ್ಪನವರ ಮೇಲೆ ಹರಿಹಾಯ್ದರು. "ಮಾವನವರ ಸೂತಕ ಅಂತ ಬಸ್ ತುಂಬ ನೀವ ಒದರಿದ್ರಿ!"

"ಸೂತಕ ಅಲ್ರೀ, ಸೂತ! ಸೂತ ಕರೆಕ್ಟ್ ಐತಿ ಅಂದೆ! ಖುರ್ಚಿದು!"

"ಆಳ?"

"ಖುರ್ಚಿದು!"

"ಕೊಯ್ಯೂ ಕಾಲು?"

"ಅದೂ ಖುರ್ಚಿದ!"

ಈ ಹೊತ್ತಿಗೆ ಸರಿಯಾಗಿ ಟೆಂಪೊದಲ್ಲಿ ಮಕಬೂಲಸಾಬರು ಬಂದರು. ಶಾಮಿಯಾನ ನೋಡಿದರು, ಹಲಗಿಯವರನ್ನು ನೋಡಿದರು, ಟೆಂಪೊದಲ್ಲೇ ಕುಸಿದರು. "ಯಾ ಅಲ್ಲಾ! ಹಿರ್ಯಾರು ಹೋಗೇಬಿಟ್ರ! ಪಾಲಿಶ್ ಒಣಗಲಿ ಅಂತ ತಡಾ ಮಾಡಿದೆ, ಕುಂಡರೂದು ಅವರ ನಸೀಬದಾಗ ಬರಲಿಲ್ಲ!" ಎಂದು ಖುರ್ಚಿಯನ್ನು ತಬ್ಬಿಕೊಂಡು ಅಳತೊಡಗಿದರು. ಸಿದ್ದಲಿಂಗಪ್ಪನವರೇ ಹೋಗಿ ಭುಜ ಅಲುಗಿಸಿ "ಮಕಬೂಲಸಾಬ, ನಾ ಅದೇನಿ" ಎಂದರೂ ಅವರಿಗೆ ಕೇಳಿಸಲಿಲ್ಲ. ಮಾವನವರ ಅಳತೆ ಗೊತ್ತಿತ್ತೇ ಹೊರತು ಮುಖ ಗೊತ್ತಿರಲಿಲ್ಲ. "ನಿಮಗೂ ಬೇಕಾದವರಾಗಿದ್ರೇನ್ರಿ?" ಎಂದು ಅವರನ್ನೇ ಕೇಳಿ ಸಮಾಧಾನ ಮಾಡಲು ಹೋದರು. ಗುಲ್ಜಾರಬಿ ಬಾಯಿಗೆ ಸೆರಗು ಅದುಮಿಕೊಂಡರು, ಈ ಸಲ ನಗು ತಡೆಯಲು. ಆ ನಗು ಒಬ್ಬರಿಂದೊಬ್ಬರಿಗೆ ಹರಡಿ ಶಾಮಿಯಾನವೆಲ್ಲ ಅಲುಗಾಡಿತು. ಶಶಿಕುಮಾರರೂ ಕೊನೆಗೆ ನಕ್ಕರು. ಕುಣಿ ತೋಡುವವರಿಗೆ ಫೋನು ಮಾಡಿ ನಿಲ್ಲಿಸಲು ಆಚೆ ಸರಿದರು.

ನಗದೆ ಉಳಿದವರು ಸಂಗವ್ವ ಒಬ್ಬರೇ. ಅಣ್ಣ ಬದುಕಿದ್ದಾನೆ, ಸರಿ. ಆದರೆ ಆಣೆಯೂ ಬದುಕಿತ್ತು. ಹೊಸ್ತಿಲಿನ ಈಚೆ ನಿಂತು ಕಾಲಿನತ್ತ ನೋಡಿಕೊಂಡರು.

"ಒಳಗ ಬಾ ಅತ್ತಿ" ಎಂದು ನೀಲಾಂಬಿಕಾ ಕೈ ಹಿಡಿದಳು.

"ಆಣಿ ಮಾಡೇನವಾ. ಹೆಂಗ ಬರಲಿ?"

"ಇದು ಮಾವನವರ ಹೊಸ್ತಿಲಾ ಅಲ್ರಿ ಅತ್ಯಾರ, ನನ್ನದು" ಎಂದು ಗುರುಶಿದ್ದಪ್ಪನವರು ಕಾಯಿದೆ ತೆಗೆದರು.

"ಅಂವ ಇದ್ದ ಮನಿ ಅಂತ ಅಂದೇನಿ. ಮಾತು ಮಾತ." ಸಂಗವ್ವನ ಕಣ್ಣು ತುಂಬಿದವು. ಸಿದ್ದಲಿಂಗಪ್ಪನವರು ವಾಕರನ್ನು ಗಟ್ಟಿಯಾಗಿ ಹಿಡಿದರು. ಆಟೊದವನು ಇನ್ನೂ ನಿಂತಿದ್ದ. ಸಂಗವ್ವ ಅತ್ತ ಎರಡು ಹೆಜ್ಜೆ ಇಟ್ಟರು.

ಖುರ್ಚಿಯನ್ನಾದರೂ ಒಳಗೆ ಇಡೋಣವೆಂದು ಗುರುಶಿದ್ದಪ್ಪನವರೂ ಮಕಬೂಲಸಾಬರೂ ಅದನ್ನು ಎತ್ತಿದರು. ಭವ್ಯವಾದ ಖುರ್ಚಿ. ಅಗಲವಾದ ಕೈಗಳು, ನೆಟ್ಟಗಿನ ಬೆನ್ನು. ಬಾಗಿಲಿಗೆ ಒಯ್ದರು. ಟಕ್ಕೆಂದು ತಗುಲಿತು. ಅಡ್ಡ ತಿರುಗಿಸಿದರು, ಕಾಲು ಸಿಕ್ಕಿತು. ತಲೆಕೆಳಗು ಮಾಡಿದರು, ಬೆನ್ನು ಸಿಕ್ಕಿತು. ಮಾವನವರ ಮೈಯನ್ನು ಸೂತಕ್ಕೆ ಸೂತ ಅಳೆದ ಗುರುಶಿದ್ದಪ್ಪನವರು ಬಾಗಿಲನ್ನು ಅಳೆದಿರಲಿಲ್ಲ.

ಗುರುಶಿದ್ದಪ್ಪನವರು ಹಣೆಯ ಬೆವರು ಒರೆಸಿಕೊಂಡು, ಖುರ್ಚಿಯನ್ನು ಬಾಗಿಲ ಮುಂದಿನ ಕಟ್ಟೆಯ ಮೇಲೆ ಇಳಿಸಿದರು. ಸಿದ್ದಲಿಂಗಪ್ಪನವರು ವಾಕರು ಊರುತ್ತ ಹೋಗಿ ಅದರಲ್ಲಿ ಕುಳಿತರು. ಯಾರೂ ಹಿಡಿಯಲಿಲ್ಲ. ಬೆನ್ನು ಆನಿಸಿದರು, ಕೈಗಳ ಮೇಲೆ ಕೈ ಇಟ್ಟರು. ಎದ್ದರು. ಖುರ್ಚಿ ಏಳಲಿಲ್ಲ. ಮತ್ತೆ ಕುಳಿತರು. ಅಲ್ಲಿಯವರೆಗೆ ಬಾಗಿದ್ದ ಹೆಗಲು ಹಿಂದಿನ ಹತ್ತಿ ವ್ಯಾಪಾರಿಯ ಹೆಗಲಾಯಿತು.

"ಸಂಗಿ," ಎಂದು ಕರೆದರು, ಗೇಟಿನವರೆಗೆ ಕೇಳುವ ದನಿಯಲ್ಲಿ. "ನಾ ಹೊಸ್ತಿಲದಾಚೆ ಅದೇನಿ. ನೀನೂ ಹೊಸ್ತಿಲದಾಚೆ ಅದಿ. ಇನ್ನೇನೈತಿ ತಂಟಿ?"

ಸಂಗವ್ವ ನಿಂತರು. ಖುರ್ಚಿ ನೋಡಿದರು, ಹೊಸ್ತಿಲು ನೋಡಿದರು, ನಡುವಿನ ಕಟ್ಟೆ ನೋಡಿದರು. ಶಾಮಿಯಾನದ ಒಂದು ಪ್ಲಾಸ್ಟಿಕ್ ಖುರ್ಚಿ ಎಳೆದುಕೊಂಡು ಬಂದು ಅಣ್ಣನ ಮಗ್ಗುಲಿಗೆ ಕುಳಿತು, ಆಟೊದವನಿಗೆ ಹೋಗೆಂದು ಕೈ ಮಾಡಿದರು.

"ಸೀರಿ ಮಾತ್ರ ನೀ ಕಡಿಮೀನ ಕಳಸಿದ್ದಿ" ಎಂದರು.

"ನಾ ಕಳಸಿದ್ದು ಪೂರಾ ಇತ್ತು. ನೀ ದಪ್ಪ ಆಗಿದ್ದಿ."

ಮಕಬೂಲಸಾಬರಿಗೆ ಇದೇನೂ ಕೇಳಿಸಿರಲಿಲ್ಲ. ತಮ್ಮ ಖುರ್ಚಿ ಹೊರಗೆ ಉಳಿದದ್ದು ಅವರಿಗೆ ಅವಮಾನ. ಟೆಂಪೊದಿಂದ ಗರಗಸ ತಂದು ಮಂಡಿಯೂರಿದರು. "ಸಾಹೇಬ್ರ, ಈ ಕಡೆ ನಾಕು ಸೂತ, ಆ ಕಡೆ ನಾಕು ಸೂತ ತಗದ್ರ ಲಗೂನ ಒಳಗ ಹೋಗತೇತಿ."

"ಗರಗಸ ಕೆಳಗ ಇಡ್ರಿ!" ಎಂದು ಗುರುಶಿದ್ದಪ್ಪ, ನೀಲಾಂಬಿಕಾ, ಸಂಗವ್ವ, ಸಿದ್ದಲಿಂಗಪ್ಪ ನಾಲ್ವರೂ ಒಮ್ಮೆಲೇ ಕೂಗಿದರು. ಇದು ಅವರಿಗೆ ಕೇಳಿಸಿತು.

ನೀಲಾಂಬಿಕಾ ಚಹಾ ಮಾಡಲು ಒಳಗೆ ಓಡಿದಳು. ಶಾಮಿಯಾನದವರು ಹಗ್ಗ ಬಿಚ್ಚಲು ಬಂದಾಗ ಬಿಸಿಲು ಕಟ್ಟೆಯ ಅಂಚಿಗೆ ಬಂದಿತ್ತು. ಅಣ್ಣ ತಂಗಿ ಇಬ್ಬರೂ ಸೀರೆಯಿಂದ ಶುರುಮಾಡಿ ಅಣ್ಣಿಗೇರಿಯ ಹಳೆಯ ಮನೆಯ ಎಮ್ಮೆಯವರೆಗೆ ತಲುಪಿದ್ದರು, ಜೋರಾಗಿ ಜಗಳವಾಡುತ್ತಿದ್ದರು.

"ಇವತ್ತೊಂದಿನಾ ಇರಲಿ ಬಿಡ್ರಿ" ಎಂದರು ಗುರುಶಿದ್ದಪ್ಪನವರು.